ರೊಟ್ಟಿ ತಟ್ಟಿದ ಬೆರಳು

ಅಕ್ಟೋಬರ್ 9

ಇವತ್ತು ನಾಲ್ಕು ಜನರ ಮುಂದೆ ಮರ್ಯಾದೆ ಹೋಯಿತು. ಕಳೆದದ್ದು ಮನುಷ್ಯರಲ್ಲ, ಒಂದು ಗಾಜಿನ ಹಲಗೆ.

ತಾಲ್ಲೂಕಿನ ನರ್ಸುಗಳನ್ನೆಲ್ಲ ಶಹಾಪುರಕ್ಕೆ ಕರೆಸಿ ಒಂದೊಂದು ಟ್ಯಾಬ್ ಕೊಟ್ಟರು. ಬಸುರಿಯರ ಹೆಸರು, ಕೂಸುಗಳ ಲಸಿಕೆ, ಮನೆಮನೆ ಸರ್ವೆ, ಇನ್ನು ಮೇಲೆ ಎಲ್ಲವೂ ಅದರೊಳಗೇ ಅಂತೆ. ಕಲಿಸಲು ಬಂದವನು ಇಲ್ಲಿ ಮುಟ್ಟಿ, ಹೀಗೆ ಜಾರಿಸಿ ಎಂದ. ಎಲ್ಲರೂ ಮುಟ್ಟಿದರು, ಎಲ್ಲರದೂ ತೆರೆಯಿತು. ನನ್ನದು ಮಾತ್ರ ಮುನಿಸಿಕೊಂಡ ಅಳಿಯನ ಹಾಗೆ ಸುಮ್ಮನೆ ಕೂತಿತು. ಒತ್ತಿದೆ, ಇನ್ನೂ ಜೋರಾಗಿ ಒತ್ತಿದೆ. ಅವನು ಬಂದು ಬೆರಳಿಟ್ಟ, ತೆರೆಯಿತು.

"ಮೆಲ್ಲಕ ಮುಟ್ರಿ ಮೇಡಂ. ಕದ ಬಡದಂಗ ಬಡೀಬ್ಯಾಡ್ರಿ" ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಈ ತಾಲ್ಲೂಕಿನಲ್ಲಿ ನನ್ನಷ್ಟು ವರ್ಷ ಸೂಜಿ ಹಿಡಿದವಳು ಇನ್ನೊಬ್ಬಳಿಲ್ಲ. ಸಭೆಯಲ್ಲಿ ಬೇರೆಯವರ ಕಾಲೆಳೆಯುವ ಕೆಲಸ ಯಾವತ್ತೂ ನನ್ನದು, ಈ ಅಮೃತಮ್ಮನದು. ಇವತ್ತು ನಾನೇ ಅವರ ಬಾಯಿಗೆ ಎಲೆಅಡಿಕೆ ಆದೆ. ಕಿವಿ ಬಿಸಿಯಾಗಿದ್ದು ಇನ್ನೂ ಆರಿಲ್ಲ.

ಮನೆಗೆ ಬಂದು ಗಂಡನಿಗೆ ಏನೂ ಹೇಳಲಿಲ್ಲ. ಯಾರ ಮುಂದೂ ಹೇಳಲಾಗದ್ದನ್ನು ಈ ಡೈರಿಗೆ ಹೇಳುವುದು. ಇದು ತಿರುಗಿ ಮಾತಾಡುವುದಿಲ್ಲ.

ಅಕ್ಟೋಬರ್ 12

ಬೆರಳನ್ನು ನಾಲಿಗೆಗೆ ತಾಗಿಸಿ ಒತ್ತಿದರೆ ಒಮ್ಮೊಮ್ಮೆ ಕೇಳುತ್ತದೆ. ನರ್ಸ್ ಆದವಳು ಜನರೆದುರು ಹಾಗೆ ಮಾಡಲಾದೀತೆ? ಶಹಾಪುರ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಮೆಹಬೂಬನ ಬಳಿ ಟ್ಯಾಬ್ ಒಯ್ದೆ. ಅವನ ಮಕ್ಕಳಿಗೆಲ್ಲ ಸೂಜಿ ಚುಚ್ಚಿದವಳು ನಾನು, ಸಲಿಗೆಯಿದೆ. ಅವನು ಟ್ಯಾಬ್ ನೋಡಿದ, ಆಮೇಲೆ ನನ್ನ ಬೆರಳು ನೋಡಿದ.

"ಇದು ಟ್ಯಾಬಿಂದಲ್ಲರಿ ಅಕ್ಕಾರ. ನಿಮ್ದು ರೊಟ್ಟಿ ತಟ್ಟಿದ ಕೈ. ಜ್ವಾಳದ ರೊಟ್ಟಿ ತಟ್ಟಿ ತಟ್ಟಿ ತೊಗಲು ಒಣಗಿ ದಪ್ಪ ಆಗ್ಯಾದ. ಗಾಜಿಗೆ ಗೊತ್ತೇ ಆಗಂಗಿಲ್ಲ. ನಮ್ಮ ಅಮ್ಮೀಂದೂ ಹಿಂಗ ಅದ."

ಎಷ್ಟು ಸಮಾಧಾನವಾಯಿತು! ಹೌದಲ್ಲ. ಕುದಿಯುವ ಎಸರಿನ ಹಿಟ್ಟು ನಾದಿದ, ಸುಡುವ ಹಂಚಿನ ಮೇಲೆ ರೊಟ್ಟಿ ಮಗುಚಿದ ಬೆರಳು. ಬಿಸಿ ಅನ್ನುವುದೇ ಅದಕ್ಕೆ ಈಗ ತಾಗುವುದಿಲ್ಲ. ನಮ್ಮ ಕಡೆಯ ಹೆಂಗಸರಿಗೆ ಅದು ಹೆಮ್ಮೆ. ಒಲೆಯ ಮುಂದೆ ಇಕ್ಕಳ ಹುಡುಕುವ ಸೊಸೆಯನ್ನು ನೋಡಿ ನಾವು ನಗುತ್ತೇವೆ.

ಮೆಹಬೂಬ ಒಂದು ಮೌಸ್ ಕೊಟ್ಟ, ಕಂಪ್ಯೂಟರಿಗೆ ಹಚ್ಚುತ್ತಾರಲ್ಲ ಅದೇ. ನಡುವೆ ಒಂದು ಗಿಡ್ಡ ವೈರು ಸಿಕ್ಕಿಸಿದರೆ ಟ್ಯಾಬಿಗೂ ಕೂರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗಾಜಿನ ಮೇಲೆ ಸಣ್ಣ ಬಾಣ ಮೂಡಿತು. ಸರಿಸಿದತ್ತ ಸರಿಯಿತು, ಒತ್ತಿದರೆ ಟಿಕ್ ಎಂದಿತು, ಬೇಕಾದ್ದು ತೆರೆಯಿತು. ಒತ್ತಿದ್ದು ಬೆರಳಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಮಕ್ಕಳ ಹಾಗೆ ಅಂಗಡಿಯಲ್ಲೇ ಹತ್ತು ಸಲ ಒತ್ತಿ ನೋಡಿದೆ.

ಅಕ್ಟೋಬರ್ 20

ಊರಿಗೆಲ್ಲ ನನ್ನ ಮೌಸು ತಮಾಷೆಯಾಗಿದೆ. ಅದನ್ನು ಆಡಿಸಲು ಸಪಾಟಾದ ಜಾಗ ಬೇಕು. ಗುಡಿಸಲಿನ ಅಂಗಳದಲ್ಲಿ, ದನದ ಕೊಟ್ಟಿಗೆಯಲ್ಲಿ ಮೇಜು ಎಲ್ಲಿಂದ ಬರಬೇಕು? ಹತ್ತಿ ಚೀಲದ ಮೇಲೆ ಆಡಿಸಿದರೆ ಬಾಣ ಕುಡಿದವನ ಹಾಗೆ ಓಲಾಡಿತು. ಸ್ಟೀಲ್ ತಾಟಿನ ಮೇಲೆ ಆಡಿಸಿದರೆ ಅಲುಗಲೇ ಇಲ್ಲ. ಕಡೆಗೆ ನಮ್ಮ ಆಶಾ ಕಾರ್ಯಕರ್ತೆ ರೇಣಮ್ಮ ಒಂದು ರಟ್ಟು ಕತ್ತರಿಸಿ ತಂದಳು. ಅವಳು ರಟ್ಟು ಹಿಡಿದು ನಿಲ್ಲಬೇಕು, ನಾನು ಅದರ ಮೇಲೆ ಮೌಸ್ ಉಜ್ಜಬೇಕು.

"ನರ್ಸಬಾಯಿ ಇಸ್ತ್ರಿ ಮಾಡಾಕತ್ತಾಳ ನೋಡ್ರೆವ್ವಾ" ಎಂದು ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೂಗಿದರು.

"ಹೂಂ, ನಿಮ್ಮ ಗಂಡಂದ್ರ ಅಂಗಿನೂ ತರ್ರಿ, ಮಾಡಿಕೊಡ್ತೀನಿ" ಎಂದೆ.

ಹಾಗೆಂದು ನಗಿಸಿದೆನೇ ಹೊರತು ನನಗೆ ನಗು ಬರಲಿಲ್ಲ. ಮರುಕ್ಷಣವೇ ರೇಣಮ್ಮನ ಮೇಲೆ ಹರಿಹಾಯ್ದೆ, ರಟ್ಟು ನೆಟ್ಟಗೆ ಹಿಡಿಯಲು ಬರುವುದಿಲ್ಲವೇ ಎಂದು. ಪಾಪ, ಅವಳು ನೆಟ್ಟಗೇ ಹಿಡಿದಿದ್ದಳು.

ನವೆಂಬರ್ 3

ಇವತ್ತಿನಿಂದ ಕುಷ್ಠರೋಗ ಪತ್ತೆ ಸರ್ವೆ. ಮನೆಮನೆಗೆ ಹೋಗಿ ಎಲ್ಲರ ಮೈ ನೋಡಬೇಕು. ಹೆಂಗಸರನ್ನು ನಾವು ಒಳಕೋಣೆಯಲ್ಲಿ, ಗಂಡಸರನ್ನು ಗಂಡು ಕಾರ್ಯಕರ್ತರು ಅಂಗಳದಲ್ಲಿ. ತಾಮ್ರದ ಬಣ್ಣದ ಅಥವಾ ತುಸು ಬಿಳುಪಾದ ಮಚ್ಚೆ ಇದ್ದರೆ, ಅವರ ಕಣ್ಣು ಮುಚ್ಚಿಸಿ ಅದರ ಮೇಲೆ ಪೆನ್ನಿನ ತುದಿ ಮೆಲ್ಲಗೆ ತಾಗಿಸುವುದು. ತಾಗಿದ್ದೆಲ್ಲಿ ಎಂದು ಅವರು ಬೆರಳಿಟ್ಟು ತೋರಿಸಿದರೆ ಭಯವಿಲ್ಲ. ಮೊಣಕೈ ಹತ್ತಿರದ ನರವನ್ನೂ ಒತ್ತಿ ನೋಡಬೇಕು, ದಪ್ಪಗಾಗಿದೆಯೇ ಎಂದು. ನೋಡಿದ ಮನೆಯ ಬಾಗಿಲಿಗೆ ಸುಣ್ಣದ ಕಡ್ಡಿಯಿಂದ ಗುರುತು.

ನನ್ನ ಭಾಷಣ ನನಗೆ ಬಾಯಿಪಾಠ. "ಮುಚ್ಚಿಡಬ್ಯಾಡ್ರಿ. ಇದು ಪಾಪಾನೂ ಅಲ್ಲ, ಶಾಪಾನೂ ಅಲ್ಲ. ಗುಳಿಗಿ ನುಂಗಿದ್ರ ಹೋಗ್ತದ. ನಾಚಿಕಿ ಅಂತ ಕುಂತ್ರ ಬೆರಳು ಮಡಚಿಕೊಂತಾವ." ಹೇಳುವಾಗ ದನಿ ತಾನಾಗಿ ಏರುತ್ತದೆ. ಜನ ಬಾಯಿಬಿಟ್ಟು ಕೇಳುತ್ತಾರೆ.

ಕೂಲಿಗೆ ಹೋಗುವ ಅಯ್ಯಮ್ಮನ ಬೆನ್ನ ಮೇಲೆ ಮಚ್ಚೆ ಸಿಕ್ಕಿತು. ಪೆನ್ನು ತಾಗಿದ್ದು ಅವಳಿಗೆ ತಿಳಿಯಲಿಲ್ಲ. ಐದು ವರ್ಷದ ಹಿಂದೆ ಆಂಬ್ಯುಲೆನ್ಸ್ ಬರುವ ಮೊದಲೇ ಅವಳ ಹೆರಿಗೆ ನನ್ನ ಕೈಯಲ್ಲೇ ಆಗಿತ್ತು. ಆ ಹೆಣ್ಣುಕೂಸು ಈಗ ಅಂಗನವಾಡಿಗೆ ಹೋಗುತ್ತದೆ. ಅದನ್ನೂ ನೋಡಿದೆ, ಏನೂ ಕಾಣಲಿಲ್ಲ.

ಅಯ್ಯಮ್ಮ ನನ್ನ ಕಾಲು ಹಿಡಿದಳು. "ಯಾರ್ಗೂ ಹೇಳಬ್ಯಾಡ್ರಿ ಬಾಯಾರ. ಹತ್ತಿ ಬಿಡಸಾಕ ಜೋಡಿ ಯಾರೂ ಕರಕೊಂಡು ಹೋಗಂಗಿಲ್ಲ. ನೀರಿನ ಕೊಡ ಸೈತ ಮುಟ್ಟಗೊಡಂಗಿಲ್ಲ."

"ಹುಚ್ಚಿ, ಈಗ ಯಾವ ಕಾಲದಾಗ ಅದೀವಿ" ಎಂದು ಗದರಿಸಿದೆ. ಹೇಳುವುದಿಲ್ಲ ಎಂದು ಮಾತೂ ಕೊಟ್ಟೆ.

ನವೆಂಬರ್ 6

ಶಹಾಪುರದ ಡಾಕ್ಟರಮ್ಮ ನೋಡಿ ಹೌದೆಂದರು. ಅಯ್ಯಮ್ಮನಿಗೆ ಗುಳಿಗೆ ಶುರು. ಒಂದು ವರ್ಷದ ಔಷಧ, ತಿಂಗಳಿಗೊಮ್ಮೆ ಗುಳಿಗೆ ತುಂಬಿದ ಹೊಸ ಪಟ್ಟಿ. ಈ ಸಲ ತಾಲ್ಲೂಕಿನಲ್ಲಿ ಮೊದಲ ಕೇಸು ಹಿಡಿದವಳು ನಾನು ಎಂದು ಸಭೆಯಲ್ಲಿ ಚಪ್ಪಾಳೆ ತಟ್ಟಿಸಿದರು. ಟ್ಯಾಬಿನ ಅವಮಾನ ತೊಳೆದು ಹೋಯಿತು.

ನಮ್ಮ ಓಣಿ ಇವತ್ತು ಮುಗಿಯಿತು. ಉಪಕೇಂದ್ರದ ಹಿಂದೆಯೇ ನಮ್ಮ ಕ್ವಾರ್ಟರ್ಸು. ಅದರ ಬಾಗಿಲಿಗೂ ನಾನೇ ಗುರುತು ಎಳೆದೆ.

"ನಿಮ್ದು, ಸಾಹೇಬ್ರದು ನೋಡೂದು ಬ್ಯಾಡೇನ್ರಿ?" ಎಂದಳು ರೇಣಮ್ಮ.

"ನೋಡವ್ರನ್ನ ನೋಡವ್ರು ಯಾರ ಅದಾರ, ನಡಿ ನಡಿ" ಎಂದೆ.

ನವೆಂಬರ್ 21

ಗಂಡ ಬಸವಂತ್ರಾಯ ಕಾಲುವೆ ಆಫೀಸಿನಲ್ಲಿ ಗುಮಾಸ್ತ. ಊಟದ ಮುಂದೆ ಕೂತರೆ ನೂರೆಂಟು ಸುದ್ದಿ ಹೇಳುವ ಮನುಷ್ಯ. ಇವತ್ತು ಮಾತು ನಿಲ್ಲಿಸಿ ಮೂಗು ಅರಳಿಸಿದರು.

"ಏನೋ ಸುಟ್ಟಂಗ ವಾಸನಿ ಬರಾಕತ್ತಾದಲ್ಲ?"

ರೊಟ್ಟಿ ಇರಬೇಕು ಎಂದು ಹಂಚು ನೋಡಿದೆ. ರೊಟ್ಟಿ ಸರಿಯಾಗಿಯೇ ಇತ್ತು. ಅವರು ಎದ್ದು ಬಂದು ನನ್ನ ಬಲಗೈ ಎಳೆದರು. ತೋರುಬೆರಳು ಹಂಚಿನ ಅಂಚಿಗೆ ಅಂಟಿಕೊಂಡೇ ಇತ್ತು. ದೊಡ್ಡ ಬೊಬ್ಬೆ ಎದ್ದಿದೆ.

"ಉರಿಲಿಲ್ಲೇನ?"

"ರೊಟ್ಟಿ ಕೈಗೆ ಏನು ಉರಿ" ಎಂದೆ. "ಭಾರಿ ಪೈಲ್ವಾನ್ ಅದಿ ಬಿಡು" ಎಂದು ಅವರು ನಕ್ಕು ಊಟಕ್ಕೆ ಕೂತರು.

ದಪ್ಪ ಪೆನ್ನು ತಂದಿದ್ದೇನೆ. ಸಣ್ಣ ಪೆನ್ನು ಹಿಡಿದರೆ ಕೈಯಲ್ಲಿ ಇದೆಯೋ ಇಲ್ಲವೋ ನೋಡಿಯೇ ತಿಳಿಯಬೇಕು. ವಯಸ್ಸು.

ಡಿಸೆಂಬರ್ 2

ಹಾಳಾದ ಮೆಹಬೂಬ.

ಹೆಸರು ಬರೆಯಲು ಮೌಸಿನಿಂದ ಒಂದೊಂದೇ ಅಕ್ಷರ ಹುಡುಕುವುದು ದೊಡ್ಡ ಗೋಳು. ಅವನು ಹೊಸದೊಂದು ತರಿಸಿದ್ದ. ಟ್ಯಾಬಿಗೆ ಹೊದಿಕೆಯ ಹಾಗೆ ಕೂರುವ ಕೀಬೋರ್ಡು, ಕೆಳಗೆ ಬೆರಳು ಸವರುವ ಸಣ್ಣ ಚೌಕ. ಅದರ ಮೇಲೆ ಬೆರಳಾಡಿಸಿದರೆ ಬಾಣ ಓಡುತ್ತದಂತೆ. "ಮೌಸ್ ಬ್ಯಾಡ, ರಟ್ಟು ಬ್ಯಾಡ. ಮಜಾ ಮಾಡ್ರಿ" ಎಂದ.

ಗುಂಡಿಗಳು ಚೆನ್ನಾಗಿ ಒತ್ತಿದವು. ಚೌಕದ ಮೇಲೆ ಬೆರಳಾಡಿಸಿದೆ. ಬಾಣ ಅಲುಗಲಿಲ್ಲ. ಅವನು ಆಡಿಸಿದ, ಓಡಿತು. ನಾನು ಆಡಿಸಿದೆ, ನಿಂತಿತು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು.

"ಎಡಗೈಲೆ ನೋಡ್ರಿ."

ಎಡಗೈ ಬೆರಳಿಗೆ ಓಡಿತು.

ಎಡಗೈಯೂ ನನ್ನದೇ. ಅದೂ ಇಷ್ಟು ವರ್ಷ ಹಿಟ್ಟು ನಾದಿದೆ, ನೀರಲ್ಲಿ ನೆಂದಿದೆ, ಒಣಗಿದೆ. ಮೆಹಬೂಬ ನನ್ನ ಬಲಗೈಯನ್ನೇ ನೋಡುತ್ತಿದ್ದ. ದನಿ ತಗ್ಗಿಸಿ ಕೇಳಿದ, "ಅಕ್ಕಾರ, ಈ ಕೈಗೆ ಏನಾಗ್ಯಾದ್ರಿ? ಬೆವರು ಸೈತ ಇಲ್ಲಲ್ಲ. ಡಾಕ್ಟರ್ಗ ತೋರಸ್ರಿ."

"ನೀ ನನಗ ಡಾಕ್ಟರಕಿ ಕಲಿಸಾಕ ಬರ್ತೀಯೇನು? ನಿನ್ನ ಸಾಮಾನು ಡೂಪ್ಲಿಕೇಟ್ ಅದಾವ" ಎಂದು ಕೂಗಾಡಿ ಬಂದೆ. ಒಳ್ಳೆಯ ಮನುಷ್ಯ. ಅವನು ಎದುರಾಡಲಿಲ್ಲ.

ಡಿಸೆಂಬರ್ 3

ಮೊಣಕೈ ಕೆಳಗೆ ಒಂದು ಕಲೆ ಇದೆ, ತೋಳಿನ ಒಳಬದಿಗೆ. ಬಹಳ ದಿನದ್ದು. ಕಾಲುವೆ ಏರಿಯ ಮೇಲೆ ಸ್ಕೂಟಿ ಓಡಿಸುವವಳಿಗೆ ಬಿಸಿಲಿನ ಕಲೆ ಇದ್ದದ್ದೇ.

ಡಿಸೆಂಬರ್ 5

ಬಿಸಿಲು ತೋಳಿನ ಹೊರಬದಿಗೆ ಬೀಳುತ್ತದೆ.

ನಾನೇ ಪೆನ್ನು ತಾಗಿಸಿ ನೋಡಿಕೊಂಡೆ. ತಾಗಿದ ಹಾಗೆಯೇ ಅನಿಸಿತು. ಆದರೆ ಇದು ನಿಜವಾದ ಪರೀಕ್ಷೆಯಲ್ಲ. ಎಲ್ಲಿ ಇಡುತ್ತೇನೆಂದು ಇಡುವ ಕೈಗೆ ಗೊತ್ತಿದ್ದರೆ ಉಳಿದದ್ದು ಮನಸ್ಸೇ ಹೇಳಿಬಿಡುತ್ತದೆ. ಇನ್ನೊಬ್ಬರು ಮಾಡಬೇಕು. ಇನ್ನೊಬ್ಬರಿಗೆ ನಾನು ಕೈ ಕೊಡುವುದಿಲ್ಲ.

ಉದ್ದ ತೋಳಿನ ಎರಡು ಕುಪ್ಪಸ ಹೊಲಿಯಲು ಕೊಟ್ಟಿದ್ದೇನೆ. ಟೇಲರ್ ಹನುಮಮ್ಮ "ಹೊಸಾ ಫ್ಯಾಶನ್ ಏನ್ರಿ" ಎಂದಳು. ಚಳಿಗಾಲ ಎಂದೆ. ನಮ್ಮ ಕಡೆ ಅದೆಂಥ ಚಳಿ, ಅವಳಿಗೆ ಗೊತ್ತಿಲ್ಲವೆ?

ಡಿಸೆಂಬರ್ 15

ಲಸಿಕೆ ದಿನ. ಗದ್ದಲದಲ್ಲಿ ಮೌಸ್ ಮನೆಯಲ್ಲೇ ಮರೆತು ಹೋಗಿದ್ದೆ. ಒಂದು ಕೂಸಿಗೆ ಸೂಜಿ ಹಾಕಿ, ಸಿರಿಂಜು ಕತ್ತರಿಸುವ ಡಬ್ಬಿಗೆ ಬಿಟ್ಟು, ಹೆಸರು ತುಂಬಲು ಬರಿಗೈಯಲ್ಲೇ ಟ್ಯಾಬ್ ಮುಟ್ಟಿದೆ. ಒಂದೇ ಸಲಕ್ಕೆ ತೆರೆಯಿತು! ಜಾರಿಸಿದೆ, ಜಾರಿತು. ನನಗೆ ಎಷ್ಟು ಖುಷಿಯಾಯಿತೆಂದರೆ "ರೇಣಮ್ಮಾ, ನೋಡಿಲ್ಲಿ!" ಎಂದು ಕೂಗಿದೆ.

ರೇಣಮ್ಮ ನೋಡಿದಳು. ಗಾಜಿನ ತುಂಬ ಕೆಂಪು ಗೆರೆಗಳು. ತೋರುಬೆರಳಿಂದ ರಕ್ತ ಇಳಿಯುತ್ತಿತ್ತು. ಸೂಜಿ ಯಾವಾಗ ಚುಚ್ಚಿಕೊಂಡಿತೋ ನನಗೆ ಗೊತ್ತೇ ಇಲ್ಲ. ಕೂಸಿನ ಅಂಗಿಗೂ ಒಂದು ಹನಿ ಬಿದ್ದಿತ್ತು. ಅದರ ತಾಯಿ ಹೌಹಾರಿ ನಿಂತಳು.

"ಕೂಸಿಂದೇ ಒಂದು ಹನಿ ಬಂದಾದ. ಏನಿಲ್ಲ, ಏನಿಲ್ಲ" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ರೇಣಮ್ಮ ನನ್ನನ್ನೂ ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ. ಸುಮ್ಮನೆ ಗಾಜು ಒರೆಸಿದಳು. ಸೂಜಿ ಕೂಸಿನ ಮೈಯಿಂದ ಬಂದ ಮೇಲೆಯೇ ನನಗೆ ತಾಗಿದ್ದು, ಕೂಸಿಗೆ ಏನೂ ಆಗಿಲ್ಲ. ಈ ಸಲ ಆಗಿಲ್ಲ. ನನಗೆ ತಲೆಸುತ್ತು ಎಂದು ಹೇಳಿ, ಉಳಿದ ಮಕ್ಕಳಿಗೆ ಸೂಜಿ ಹಾಕಲು ದೋರನಹಳ್ಳಿಯ ನರ್ಸನ್ನು ಕರೆಸಿದೆ.

ನಾಚಿಕೆಗೇಡು. ನಾಚಿಕೆಗೇಡು.

ಡಿಸೆಂಬರ್ 28

ಅಯ್ಯಮ್ಮ ಗುಳಿಗೆ ಬಿಟ್ಟಿದ್ದಾಳೆಂದು ರೇಣಮ್ಮ ಹೇಳಿದಳು. ಮೈ ಕಪ್ಪಾಗುತ್ತಿದೆ, ಏನಾಗಿದೆಯೆಂದು ಕೂಲಿಯವರು ಕೇಳುತ್ತಾರೆ, ಅದಕ್ಕೆ. ಆ ಔಷಧಕ್ಕೆ ಮೈ ಕಪ್ಪಾಗುವುದು ಸಹಜ, ಆಮೇಲೆ ತಿಳಿಯಾಗುತ್ತದೆ. ಬೈಯಲೆಂದೇ ಹೋದೆ. ಮುಚ್ಚಿಟ್ಟರೆ ಏನಾಗುತ್ತದೆಂಬ ಹಳೆಯ ಪಾಠ ಶುರು ಮಾಡಿದೆ. ಅವಳು ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ತಲೆ ಎತ್ತದೆ ಕೇಳಿಸಿಕೊಂಡಳು. ಆಮೇಲೆ ಎಂದಳು:

"ನಿಮಗ ಬಂದಿದ್ರ ಹಿಂಗ ಹೇಳ್ತಿದ್ರೇನ್ರಿ?"

ಅವಳು ಹೇಳಿದ್ದು ಸಿಟ್ಟಿಗೆ. ಅವಳಿಗೆ ಏನೂ ಗೊತ್ತಿಲ್ಲ. ನಾನು ಮಾತ್ರ ಉದ್ದ ತೋಳಿನ ಕುಪ್ಪಸವನ್ನು ಇನ್ನೂ ಕೆಳಗೆ ಎಳೆದುಕೊಂಡು ಎದ್ದುಬಂದೆ. ದಾರಿಯಲ್ಲಿ ಕಾಲುವೆಯ ಏರಿ ಮೇಲೆ ಸ್ಕೂಟಿ ನಿಲ್ಲಿಸಿ ಅತ್ತೆ. ಬೇರೆಯವರಿಗೆ ಧೈರ್ಯ ಹಂಚಿದ ವರ್ಷಗಳೆಲ್ಲ ನೆನಪಾದವು. ನನ್ನ ಪಾಲಿಗೆ ಒಂದು ಚೂರೂ ಇಟ್ಟುಕೊಂಡಿರಲಿಲ್ಲ.

ಜನವರಿ 4

ಬರೆಯದೆ ಒಂದು ವಾರವಾಯಿತು.

ಮಧ್ಯಾಹ್ನ ಉಪಕೇಂದ್ರದಲ್ಲಿ ಯಾರೂ ಇರಲಿಲ್ಲ. ರೇಣಮ್ಮನನ್ನು ಒಳಗೆ ಕರೆದು ಕದ ಹಾಕಿದೆ. ತೋಳು ಮೇಲೆ ಸರಿಸಿದೆ. ಅವಳು "ಅಯ್ಯ" ಎನ್ನಲಿಲ್ಲ, ಕೆನ್ನೆಗೆ ಕೈ ಹಚ್ಚಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತೆಂದು ಆಗ ತಿಳಿಯಿತು.

"ಮಾಡು" ಎಂದೆ. ಕುರ್ಚಿಯಲ್ಲಿ ಕೂತು, ಕೈ ಮೇಜಿನ ಮೇಲೆ ಚಾಚಿ, ಕಣ್ಣು ಮುಚ್ಚಿದೆ. ಅವಳು ಪೆನ್ನಿನ ಮುಚ್ಚಳ ತೆಗೆದದ್ದು ಕೇಳಿಸಿತು. ಕಾದೆ. ಹೊರಗೆ ಯಾರದೋ ಟ್ರ್ಯಾಕ್ಟರ್ ಹೋಯಿತು. ಅಂಗನವಾಡಿಯ ಮಕ್ಕಳು ಊಟಕ್ಕೆ ಕೂಗುತ್ತಿದ್ದವು. ಇನ್ನೂ ಕಾದೆ. ಅವಳಿಗೆ ಮುಟ್ಟಲು ಅಂಜಿಕೆ ಎಂದು ನನಗೆ ಸಿಟ್ಟೇ ಬಂತು.

"ಎಷ್ಟೊತ್ತು ಕಾಯಿಸ್ತಿ? ಶುರು ಮಾಡಬಾರ್ದೇನು?"

"ಮುಗದಾದ್ರಿ ಬಾಯಾರ" ಎಂದಳು ರೇಣಮ್ಮ.

ಕಣ್ಣು ಬಿಟ್ಟೆ. ಕಲೆಯ ಮೇಲೆ, ಅಂಗೈಯಲ್ಲಿ, ಬೆರಳ ತುದಿಗಳಲ್ಲಿ, ಎಲ್ಲೆಲ್ಲೂ ನೀಲಿ ಚುಕ್ಕೆಗಳು. ಒಂದೂ ನನಗೆ ತಿಳಿದಿರಲಿಲ್ಲ.

ರೇಣಮ್ಮ ಬಾಗಿಲ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚುಕ್ಕೆ ಅಳಿಸಲು ಸೋಪು ಹಚ್ಚಿ ಉಜ್ಜಿದೆ, ತೊಗಲು ಕೆಂಪಾಗುವವರೆಗೆ. ನೋಯಲಿಲ್ಲ.

ಜನವರಿ 6

ಗಂಡನಿಗೆ ಹೇಳಿದೆ. ನೂರೆಂಟು ಸುದ್ದಿಯ ಮನುಷ್ಯ ಮೊದಲು ಎದ್ದು ಹೋಗಿ ಬೀದಿಬಾಗಿಲು ಹಾಕಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು.

"ಶಹಾಪುರ ಬ್ಯಾಡ, ಯಾದಗಿರಿನೂ ಬ್ಯಾಡ. ಎಲ್ಲಾರೂ ಗುರ್ತಿನವ್ರು. ರಾಯಚೂರಿಗೆ ಹೋಗೂಣು. ಹೆಸರು ಬ್ಯಾರೆ ಬರಸೂಣು."

ಇದೇ ಮಾತು ಹೇಳಿದ ಗಂಡಂದಿರಿಗೆ ನಾನು ಅಂಗಳದಲ್ಲಿ ನಿಂತು ಛೀಮಾರಿ ಹಾಕಿದ್ದುಂಟು. ಇವತ್ತು ಅದನ್ನು ಕೇಳಿ ನನ್ನ ಎದೆ ಎಷ್ಟು ಹಗುರಾಯಿತೆಂದರೆ, "ಹೂಂ" ಎಂದುಬಿಟ್ಟೆ. ಯಾವ ಬಸ್ಸಿಗೆ ಹೋಗುವುದು, ಯಾವ ಸೀರೆ ಉಡುವುದು ಎಂದು ಕೂಡ ಮಾತಾಡಿದೆವು. ಅವರು ತಮ್ಮ ಸೋದರತ್ತೆಯ ಹೆಸರು ಇಟ್ಟುಕೋ ಎಂದರು. ಅದಕ್ಕೆ ಇಬ್ಬರೂ ನಕ್ಕೆವು. ಆ ನಗು ನೆನೆದರೆ ಮೈ ಹಿಡಿಯಾಗುತ್ತದೆ.

ಜನವರಿ 11

ರಾಯಚೂರು ಬಸ್ಸಿಗೆಂದು ಯಾದಗಿರಿಯವರೆಗೆ ಬಂದೆವು. ಬಸ್ಸು ನಿಂತಿತ್ತು. ಗಂಡ ಸೀಟು ಹಿಡಿದು ಕಿಟಕಿಯಿಂದ ಕರೆದರು. ನಾನು ಹತ್ತಲಿಲ್ಲ. ಯಾಕೆ ಹತ್ತಲಿಲ್ಲವೋ ಹೇಳಲು ಬರುವುದಿಲ್ಲ. ರಾಯಚೂರು ದೂರ, ಬಿಸಿಲು ಬೇರೆ. ಆಟೋ ಹಿಡಿದು ಯಾದಗಿರಿಯ ಆಸ್ಪತ್ರೆಗೇ ಹೋದೆ. ಅವರು ಹಿಂದಿನಿಂದ ಇನ್ನೊಂದು ಆಟೋದಲ್ಲಿ ಬಂದರು. ಕೌಂಟರಿನಲ್ಲಿ ನನ್ನ ಹೆಸರನ್ನೇ ಹೇಳಿದೆ. ಕೌಂಟರಿನವಳು ನನ್ನ ಜೊತೆ ತರಬೇತಿಗೆ ಬಂದಿದ್ದವಳು. ತಲೆಯೆತ್ತಿ ನೋಡಿದಳು, ನಾನು ನೆಲ ನೋಡಿದೆ.

ಡಾಕ್ಟರು ನೋಡಿದರು. ಎರಡು ವರ್ಷದ್ದಾದರೂ ಇರಬೇಕು ಎಂದರು. ಗುಳಿಗೆ ಶುರುವಾದ ಮೇಲೆ ಬೇಗನೆ ಹರಡುವುದು ನಿಲ್ಲುತ್ತದೆ, ಬೆರಳು ಮಡಚುವುದನ್ನು ತಡೆಯಬಹುದು, ಹೋದ ಸ್ಪರ್ಶ ಎಷ್ಟು ಮರಳುತ್ತದೋ ಹೇಳಲಾಗದು. ಎಲ್ಲವೂ ನಾನೇ ಜನರಿಗೆ ಹೇಳುತ್ತಿದ್ದ ಮಾತುಗಳು. ಎದುರಿನ ಕುರ್ಚಿಯಲ್ಲಿ ಕೂತು ಕೇಳುವಾಗ ಬೇರೆಯೇ ಭಾಷೆಯ ಹಾಗೆ ಕೇಳಿಸಿದವು. ಮೊದಲ ಗುಳಿಗೆಗಳನ್ನು ಅಲ್ಲೇ ನುಂಗಿದೆ. ಗಂಡನನ್ನೂ ನೋಡಿದರು, ಏನೂ ಇಲ್ಲ. ಅವರಿಗೆ ಮುಂಜಾಗ್ರತೆಯ ಗುಳಿಗೆ ಕೊಟ್ಟರು.

ಎದ್ದು ಬರುವಾಗ ಹೇಳಿದೆ, "ಸರ, ನಮ್ಮ ಊರಿನ ಸರ್ವೆ ಮತ್ತೊಮ್ಮಿ ಬ್ಯಾರೆಯವ್ರ ಕೈಲೆ ಮಾಡಸ್ರಿ. ನರ ದಪ್ಪ ಆಗ್ಯಾದೋ ಇಲ್ಲೋ ನಾ ಈ ಬೆರಳಿಲೇ ಒತ್ತಿ ನೋಡೀನಿ."

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಆ ನೋಟ ನನಗೆ ಬೇಡವಾಗಿತ್ತು.

ಜನವರಿ 16

ಶಹಾಪುರದ ಸಭೆ. ಎಲ್ಲರೂ ಬೆರಳಾಡಿಸುತ್ತಿದ್ದರು. ನಾನು ಚೀಲದಿಂದ ಮೌಸು, ರಟ್ಟು ತೆಗೆದು ಮೇಜಿನ ಮೇಲಿಟ್ಟೆ. ಪಕ್ಕದ ಹೊಸ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು "ಇನ್ನೂ ಕಲ್ತಿಲ್ಲೇನ್ರಿ ಮೇಡಂ?" ಎಂದಳು.

"ಬೆರಳಿಗೆ ಸ್ಪರ್ಶ ಇಲ್ಲವ್ವ. ಕುಷ್ಠ" ಎಂದೆ.

ಅವಳ ನಗು ನಿಂತಿತು. ಕುರ್ಚಿ ತುಸು ಅತ್ತ ಸರಿಯಿತು. ಅವಳೂ ನರ್ಸೇ. ನನಗೆ ಅಳು ಬಂತು, ಅಳಲಿಲ್ಲ. ಈ ತಿಂಗಳ ಹೊಸ ಕೇಸುಗಳನ್ನು ತುಂಬಬೇಕಿತ್ತು. ನನ್ನ ಹೆಸರನ್ನೇ, ಅಮೃತಮ್ಮ ಎಂದು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಟಿಕ್ ಟಿಕ್ ಎನ್ನುವ ಸದ್ದು ಆ ಕೋಣೆಗೆಲ್ಲ ಕೇಳಿಸುತ್ತಿತ್ತು.

ಜನವರಿ 20

ರೇಣಮ್ಮನನ್ನು ಕರೆದುಕೊಂಡು ಅಯ್ಯಮ್ಮನ ಮನೆಗೆ ಹೋದೆ. ಗುಳಿಗೆಯ ಪಟ್ಟಿ ಅವಳ ಮುಂದಿಟ್ಟೆ. ಅವಳು ಮುಖ ತಿರುಗಿಸಿದಳು. ಪಾಠ ಹೇಳಲಿಲ್ಲ. ತೋಳು ಮೇಲೆ ಸರಿಸಿ ತೋರಿಸಿದೆ.

"ಏನ್ರಿ ಇದು?"

"ನಿಂದೇ ರೋಗ. ನಾನೂ ಗುಳಿಗಿ ನುಂಗಾಕತ್ತೀನಿ."

ಅವಳು ಮೊದಲು ನಂಬಲಿಲ್ಲ. ಹತ್ತಿರ ಬಂದು ನೋಡಿದಳು. ಆಮೇಲೆ ಅವಳ ಮುಖದಲ್ಲಿ ನಾನು ಎಣಿಸಿಕೊಂಡು ಹೋಗಿದ್ದ ಮರುಕ ಮೂಡಲಿಲ್ಲ, ಬೇರೆ ಏನೋ ಮೂಡಿತು.

"ಎಂದಿಂದ ಅದ?"

"ಎರಡು ವರ್ಷ ಅಂತಾರ ಡಾಕ್ಟರು."

"ಹಂಗಾದ್ರ ನನಗ ನಿಮ್ಮ ಕಡಿಂದನೇ ಬಂತೇನು?"

ಇದಕ್ಕೊಂದು ಉತ್ತರ ತರಬೇತಿಯಲ್ಲಿ ಕಲಿಸಿದ್ದಾರೆ. ಯಾರಿಂದ ಯಾರಿಗೆ ಬಂತೆಂದು ಹೇಳಲು ಬರುವುದಿಲ್ಲ, ಅದು ಮೈಯಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ ಎಂದು. ಅದು ನಿಜವೂ ಹೌದು. ನಾಲಿಗೆಯ ತುದಿಯವರೆಗೆ ಬಂದಿತ್ತು.

"ಬಂದಿರಬಹುದು" ಎಂದೆ. "ನನಗ ಗೊತ್ತಿಲ್ಲ ಅಯ್ಯಮ್ಮ. ಬಂದಿರಬಹುದು."

ಅವಳು ಎದ್ದು ನಿಂತಳು. ಒಳಗೆ ಆಡುತ್ತಿದ್ದ ಮಗಳನ್ನು ಎಳೆದು ಎದೆಗೆ ಅವಚಿಕೊಂಡಳು. "ನನ್ನ ಕೂಸಿನ್ನ ಆ ಕೈಲೇ ನೋಡಿ ಏನೂ ಇಲ್ಲ ಅಂದ್ರೆಲ್ಲ! ಮುಟ್ಟಿದ್ದು ತಿಳೀದ ಕೈಲೇ!"

"ಮತ್ತೊಮ್ಮಿ ನೋಡೂಣು. ಕೊಡಿಲ್ಲಿ..."

"ನೀವು ಬ್ಯಾಡ!" ಎಂದು ಚೀರಿದಳು. "ನೀವು ಹೊರಗ ಹೋಗ್ರಿ. ರೇಣಕ್ಕ ನೋಡ್ಲಿ."

ಹೊರಗೆ ಬಂದೆ. ಮೆಣಸಿನಕಾಯಿ ಹರವಿದ ಅಂಗಳ, ನಡುಹಗಲಿನ ಬಿಸಿಲು. ಪಕ್ಕದ ಮನೆಯವರು ಬಂದು ನಿಂತು ನೋಡಿದರು. ಯಾರ ಮನೆಯಿಂದಲೂ ನನ್ನನ್ನು ಹೊರಗೆ ಕಳಿಸಿದ್ದಿಲ್ಲ. ಹೊರಟುಬಿಡಬಹುದಿತ್ತು, ಸ್ಕೂಟಿ ಅಲ್ಲೇ ಇತ್ತು. ಹೊರಡಲಿಲ್ಲ. ಒಳಗೆ ರೇಣಮ್ಮ ಕೂಸಿಗೆ "ಎಲ್ಲಿ ಮುಟ್ಟೀನಿ, ತೋರಸು ತೋರಸು" ಎನ್ನುವುದು, ಕೂಸು ಕಚಗುಳಿಯಾಗಿ ಕಿಲಕಿಲ ನಗುವುದು ಕೇಳುತ್ತಿತ್ತು. ಒಂದೊಂದು ನಗುವಿಗೂ ನನ್ನ ಜೀವ ಮರಳಿ ಬರುತ್ತಿತ್ತು. ನಗು ನಿಂತರೆ ಜೀವ ಹೋಗುತ್ತಿತ್ತು.

ಅಯ್ಯಮ್ಮ ಬಾಗಿಲಿಗೆ ಬಂದಳು. "ಎಲ್ಲಾ ಕಡಿ ತಿಳೀತದಂತ. ಏನೂ ಇಲ್ಲಂತ."

ನಾನು ಅಲ್ಲೇ ಮೆಣಸಿನಕಾಯಿಯ ನಡುವೆ ಕೂತು ಅತ್ತೆ. ನಾಚಿಕೆ ಬಿಟ್ಟು ಅತ್ತೆ ಎಂದು ಬರೆಯಲಾರೆ, ನಾಚಿಕೆಯಿಂದಲೇ ಅತ್ತೆ.

ಅವಳು ನೋಡುತ್ತ ನಿಂತಳು. ಸಮಾಧಾನ ಮಾಡಲಿಲ್ಲ, ಕ್ಷಮಿಸಿದ್ದೇನೆಂದೂ ಹೇಳಲಿಲ್ಲ. ಒಳಗೆ ಹೋಗಿ ಪಟ್ಟಿ ತಂದಳು. ಗುಳಿಗೆ ಬಿಡಿಸಿ ಬಾಯಿಗೆ ಹಾಕಿ ನೀರು ಕುಡಿದಳು. ನನ್ನ ಕಣ್ಣೆದುರೇ, ಬೇಕೆಂದೇ ಕಾಣುವ ಹಾಗೆ.

"ಬಿಸಲಾಗ ಯಾಕ ಕುಂತೀರಿ" ಎಂದಳು ಆಮೇಲೆ. ದನಿ ಇನ್ನೂ ಒರಟಾಗಿಯೇ ಇತ್ತು. "ಮಂದಿ ನೋಡಾಕತ್ತಾರ. ಒಳಗ ಬರ್ರಿ. ನಿಮ್ದು ನಾ ಯಾರ ಮುಂದೂ ಹೇಳಂಗಿಲ್ಲ."

"ಹೇಳಿದ್ರೂ ನಡೀತದ" ಎಂದೆ.

ಪಕ್ಕದ ಮನೆಯವರು ಇನ್ನೂ ನಿಂತೇ ಇದ್ದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.